ಶಿವಶರಣೆ ಆಯ್ದಕ್ಕಿ ಲಕ್ಕಮ್ಮ

ಗೃಹಸ್ಥಾಶ್ರಮವು ಉಳಿದ ಮೂರು ಆಶ್ರಮಗಳಿಗೂ ಆಶ್ರಯವೆಂದು ಸ್ಮೃತಿಕಾರರು ಸಾರಿರುವರು. ಬ್ರಹ್ಮಚಾರಿಗೆ ಭಿಕ್ಷೆ ದೊರೆಯುವುದು ಗೃಹಸ್ಥನ ಬಾಗಿಲಲ್ಲಿ. ಸಂನ್ಯಾಸಿಗೆ ಅನ್ನ ಸಿಗುವುದೂ ಅಲ್ಲಿಯೇ. ಆದರೆ ಆ ಗೃಹವನ್ನು ದಿನದಿನವೂ ಹೊತ್ತು ನಡೆಸುವವರಾರು? ಬೆಳಗಿನ ಜಾವದಲ್ಲಿ ಬೀಸುಕಲ್ಲಿನ ಮುಂದೆ ಕುಳಿತು, ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವವರೆಗೂ ದುಡಿಯುವ ಗೃಹಿಣಿಯೇ ಅಲ್ಲವೆ? ನೀರು ತರುವುದು, ಭತ್ತ ಕುಟ್ಟುವುದು, ಮೊರದಲ್ಲಿ ಕೇರುವುದು, ಅಡುಗೆ ಮಾಡುವುದು, ಬಂದವರಿಗೆ ಬಡಿಸುವುದು, ಮಕ್ಕಳನ್ನು ಸಾಕುವುದು: ಇವೆಲ್ಲ ಅವಳ ಪಾಲಿನ ಕೆಲಸಗಳು. ಇಷ್ಟಾದರೂ ಧರ್ಮದ ವಿಚಾರ ಬಂದಾಗ ಅವಳು ಒಳಗೇ ಉಳಿದು, ಮಾತು ಪಡಸಾಲೆಯಲ್ಲಿ ನಡೆಯುತ್ತಿತ್ತು. ಅಡುಗೆಮನೆಯಿಂದಲೇ ಧರ್ಮದ ನಿರ್ಣಯವನ್ನು ನುಡಿದು, ಅದನ್ನು ಪತಿಯಿಂದಲೂ ಕಲ್ಯಾಣದ ಮಹಾಶರಣರಿಂದಲೂ ಒಪ್ಪಿಸಿದ ಒಬ್ಬ ತಾಯಿಯ ಚರಿತ್ರೆಯನ್ನು ಭಕ್ತವೃಂದದ ಮುಂದಿಡುವುದೇ ಈ ಲೇಖನದ ಉದ್ದೇಶ. ಆಕೆಯೇ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮನ ಹಿರಿಮೆ ಮನಮುಟ್ಟಬೇಕಾದರೆ ಆ ಕಾಲದ ಸ್ತ್ರೀಯರ ಸ್ಥಿತಿಗತಿಗಳನ್ನು ಮೊದಲು ಅರಿಯಬೇಕಾಗುವುದು. ಕಲ್ಯಾಣವು ಶರಣರ ನೆಲೆವೀಡಾಗುವುದಕ್ಕೆ ಮುಂಚೆ ಚಾಲುಕ್ಯರ ರಾಜಧಾನಿಯಾಗಿದ್ದಿತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮುಂದೆ ಭರತಖಂಡದ ಬಹುಭಾಗಕ್ಕೆ ಅದೇ ಪ್ರಮಾಣಗ್ರಂಥವಾಯಿತು. ಆ ಪಂಡಿತನು ಸ್ತ್ರೀಯರ ವಿಷಯದಲ್ಲಿ ಕಠಿಣಹೃದಯನಲ್ಲ. ತಂದೆತಾಯಿ, ಪತಿ, ಸೋದರರು ಪ್ರೀತಿಯಿಂದ ಕೊಟ್ಟದ್ದು ಮಾತ್ರವಲ್ಲದೆ, ದಾಯದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ದೊರೆತದ್ದು ಕೂಡ ಸ್ತ್ರೀಧನವೇ ಎಂದು ಅವನು ಅರ್ಥವನ್ನು ವಿಸ್ತರಿಸಿದನು. ವಿಭಕ್ತನಾಗಿ ಬಾಳಿ ಪುತ್ರಹೀನನಾಗಿ ಮಡಿದವನ ಸ್ವತ್ತಿಗೆ ಪತ್ನಿಯೇ ಮೊದಲ ಹಕ್ಕುದಾರಳೆಂದು ಸಾಧಿಸಿದನು. ಆದರೆ ಕುಲದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಪಾಲು ಗಂಡುಮಕ್ಕಳಿಗೆ ಮಾತ್ರವೇ ಉಳಿಯಿತು. ಆ ಪಂಥದಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಪಾಲು ಸಲ್ಲಬೇಕೆಂಬ ಶಾಸನವು ಕರ್ನಾಟಕದಲ್ಲಿ 1994ರಲ್ಲಿಯೂ ದೇಶದಾದ್ಯಂತ 2005ರಲ್ಲಿಯೂ ಬಂದಿತೆಂದರೆ, ಕಲ್ಯಾಣದಲ್ಲಿ ಬರೆದ ಆ ಗ್ರಂಥದ ಪ್ರಭಾವವು ಎಷ್ಟು ದೀರ್ಘವಾಗಿದ್ದಿತೆಂಬುದು ವೇದ್ಯವಾಗುವುದು.

ಸ್ವತ್ತಿನ ಮಾತು ಹಾಗಿರಲಿ, ವಿದ್ಯೆಯ ಮಾತೇನು? ಸ್ತ್ರೀಗೆ ಉಪನಯನವಿಲ್ಲ, ವಿವಾಹವೇ ಅವಳಿಗೆ ಉಪನಯನಸ್ಥಾನ, ಪತಿಸೇವೆಯೇ ಗುರುಕುಲವಾಸ, ಗೃಹಕೃತ್ಯವೇ ಅಗ್ನಿಕಾರ್ಯ ಎಂಬುದು ಮನುಸ್ಮೃತಿಯ ಅಭಿಪ್ರಾಯ. ಅಂದರೆ ದೇವರಿಗೂ ಅವಳಿಗೂ ನಡುವೆ ಸದಾ ಪತಿಯೊಬ್ಬನು ನಿಂತಿರುವನು. ತಿಂಗಳಿಗೊಮ್ಮೆಯೂ ಹೆರಿಗೆಯ ಕಾಲದಲ್ಲಿಯೂ ಸೂತಕದ ಹೆಸರಿನಲ್ಲಿ ಅವಳು ದೂರ. ಪತಿಯು ಮಡಿದರೆ ಕೆಲವರಿಗೆ ಚಿತೆ, ಉಳಿದವರಿಗೆ ಮಂಗಳಕಾರ್ಯಗಳಿಂದ ಬಹಿಷ್ಕಾರ. ಸಹಗಮನಗೈದವರ ನೆನಪಿಗಾಗಿ ನೆಟ್ಟ ಮಾಸ್ತಿಕಲ್ಲುಗಳು ನಮ್ಮ ನಾಡಿನ ಊರೂರ ಹೊರಗೆ ಇಂದಿಗೂ ನಿಂತಿವೆ.

ಆ ಕಾಲದಲ್ಲಿ ಪ್ರಭಾವಶಾಲಿನಿಯರಾದ ಸ್ತ್ರೀಯರು ಇರಲಿಲ್ಲವೆಂದಲ್ಲ. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿ, ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು 1007ರ ಶಾಸನವು ಕೊಂಡಾಡುತ್ತದೆ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಪ್ರಾಂತವನ್ನಾಳಿದಳು. 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಇವರೆಲ್ಲರೂ ವಂದನೀಯರೇ. ಆದರೆ ಇವರ ಹಿಂದೆ ಅರಮನೆಯಿದ್ದಿತು, ಭಂಡಾರವಿದ್ದಿತು, ದಂಡಿದ್ದಿತು. ಅರಮನೆಯಿಲ್ಲದ, ಹೊಲವಿಲ್ಲದ, ನಾಳೆಗೆ ಒಂದು ಹಿಡಿ ಅಕ್ಕಿಯನ್ನೂ ಎತ್ತಿಡದ ಸ್ತ್ರೀಗೆ ಯಾವ ಸ್ಥಾನ? ಮಿತಾಕ್ಷರೆಯ ಸ್ತ್ರೀಧನಪ್ರಕರಣದಿಂದ ಅವಳಿಗೆ ಬರುವ ಲಾಭವಾದರೂ ಏನು? ಈ ಪ್ರಶ್ನೆಗೆ ಉತ್ತರವು ಅದೇ ಕಲ್ಯಾಣನಗರದ ಒಂದು ಬಡ ಗುಡಿಸಲಿನಿಂದ ಹೊರಟಿತು.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರವು ಮಾರಯ್ಯ-ಲಕ್ಕಮ್ಮ ದಂಪತಿಗಳ ಊರು. ಅಲ್ಲಿಯ ಅಮರೇಶ್ವರನೇ ಇಬ್ಬರ ವಚನಗಳಿಗೂ ಅಂಕಿತವಾಗಿ ನಿಂತಿರುವನು. ಲಕ್ಕಮ್ಮನು ಆ ನಾಮದ ಮುಂದೆ ಪತಿಯ ಹೆಸರನ್ನೂ ಸೇರಿಸಿ, ಮಾರಯ್ಯನಿಗೆ ಪ್ರಿಯನಾದ ಅಮರೇಶ್ವರಲಿಂಗವೆಂದು ತನ್ನ ದೈವವನ್ನು ಕರೆದಳು. ಬಸವಣ್ಣನವರ ಕೀರ್ತಿಯನ್ನು ಕೇಳಿ ಈ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲಸಿದರು. ಆಗ ಮಹಾಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹವು ನಡೆಯುತ್ತಿದ್ದಿತೆಂದು ಪುರಾಣಗಳು ವರ್ಣಿಸುತ್ತವೆ. ಅಷ್ಟು ಅಕ್ಕಿಯನ್ನು ತರುವಾಗ, ಅಳೆಯುವಾಗ, ಹೊರುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುವುದು ಸಹಜವಷ್ಟೆ. ಹಾಗೆ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತರುವುದೇ ಮಾರಯ್ಯನ ಕಾಯಕವಾಯಿತು. ಅದನ್ನು ಅಡಿಗೆ ಮಾಡಿ, ಲಿಂಗಕ್ಕೆ ಅರ್ಪಿಸಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಲಕ್ಕಮ್ಮನ ನಿತ್ಯವ್ರತವಾಯಿತು.

ವಾಚಕರು ಈ ಕಾಯಕವನ್ನು ಕ್ಷಣಕಾಲ ಕಣ್ಮುಂದೆ ತಂದುಕೊಳ್ಳಬೇಕು. ನೆಲದಿಂದ ಆಯ್ದ ಅಕ್ಕಿಯಲ್ಲಿ ಮಣ್ಣಿರುವುದು, ಹರಳಿರುವುದು, ತುಳಿತಕ್ಕೆ ಸಿಕ್ಕಿ ನುಚ್ಚಾದ ಕಾಳಿರುವುದು. ಅದನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಹಲವು ನೀರಿನಲ್ಲಿ ತೊಳೆದಲ್ಲದೆ ಒಲೆಗೇರಿಸುವಂತಿಲ್ಲ. ಗಂಡನು ಆಯ್ದ ಅಕ್ಕಿಯನ್ನು ಹೆಂಡತಿಯು ಮನೆಯಲ್ಲಿ ಮತ್ತೊಮ್ಮೆ ಆಯಬೇಕು. ಆದುದರಿಂದ ಆಯ್ದಕ್ಕಿ ಎಂಬ ವಿಶೇಷಣವು ಮಾರಯ್ಯನಿಗೆಷ್ಟೋ ಲಕ್ಕಮ್ಮನಿಗೂ ಅಷ್ಟೇ ಸಾರ್ಥಕವಾದುದು. 1126ರಿಂದ 1138ರವರೆಗೆ ಕಲ್ಯಾಣವನ್ನಾಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ರಾಜನ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಬರೆದು, ಬಗೆಬಗೆಯ ಅಕ್ಕಿಗಳನ್ನೂ ಪಾಕಗಳನ್ನೂ ವಿವರಿಸಿರುವನು. ಅದೇ ಪಟ್ಟಣದಲ್ಲಿ ಕೆಲವೇ ದಶಕಗಳ ಬಳಿಕ ಈ ತಾಯಿಯ ಒಲೆಯ ಮೇಲೆ ಬೆಂದ ಅನ್ನವು ಯಾವ ಪಾಕಶಾಸ್ತ್ರಕ್ಕೂ ಸೇರದು. ಆದರೂ ಇಂದು ನಾಡು ನೆನೆಯುವುದು ಅರಸನ ಅನ್ನಭೋಗವನ್ನಲ್ಲ, ಲಕ್ಕಮ್ಮನ ಅಂಬಲಿಯನ್ನು.

ಬಿದ್ದ ಕಾಳನ್ನಾಯ್ದು ಬದುಕುವ ವೃತ್ತಿಯು ಆರ್ಷಪರಂಪರೆಗೆ ಹೊಸದಲ್ಲ. ಅದಕ್ಕೆ ಉಂಛವೃತ್ತಿಯೆಂದು ಹೆಸರು. ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಉಂಛವೃತ್ತಿಯ ಬ್ರಾಹ್ಮಣನೊಬ್ಬನ ಕಥೆಯಿದೆ. ಕ್ಷಾಮದಲ್ಲಿ ದೊರೆತ ಸ್ವಲ್ಪ ಹಿಟ್ಟನ್ನು ಅತಿಥಿಗೆ ನೀಡುವಾಗ ಪತ್ನಿಯೂ ಪುತ್ರನೂ ಸೊಸೆಯೂ ತಂತಮ್ಮ ಪಾಲನ್ನು ಅರ್ಪಿಸಿದರು. ಅಲ್ಲಿ ಹೊರಳಾಡಿದ ಮುಂಗುಸಿಯ ಅರ್ಧಶರೀರವು ಚಿನ್ನವಾಯಿತು. ಧರ್ಮರಾಜನ ಅಶ್ವಮೇಧವೂ ಉಳಿದರ್ಧವನ್ನು ಚಿನ್ನವಾಗಿಸಲಾರದೆ ಹೋಯಿತು. ಆ ಕಥೆಯಲ್ಲಿ ಪತ್ನಿಯ ತ್ಯಾಗವು ದೊಡ್ಡದು. ಆದರೆ ಅವಳು ತನ್ನ ಪಾಲನ್ನು ಪತಿಯ ಕೈಗೆ ಕೊಡುವವಳು, ಪತಿಯ ನಡೆಯನ್ನು ಪರೀಕ್ಷಿಸುವವಳಲ್ಲ. ಲಕ್ಕಮ್ಮನು ಒಂದು ಹೆಜ್ಜೆ ಮುಂದೆ ಹೋದಳು. ಕೊಡುವ ಕೈ ಶುದ್ಧವೇ, ತಂದ ಅನ್ನವು ನ್ಯಾಯವಾದುದೇ ಎಂದು ಕೇಳುವ ಅಧಿಕಾರವನ್ನು ಅವಳು ತನ್ನದಾಗಿಸಿಕೊಂಡಳು. ಇದಕ್ಕೆ ಸಾಕ್ಷಿಯಾದ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ.

ಮೊದಲನೆಯದು ಇಂತಿದೆ. ಒಂದು ದಿನ ಮಾರಯ್ಯನು ಮಹಾಮನೆಯಲ್ಲಿ ಅಲ್ಲಮಪ್ರಭುದೇವರ ಸಂಗಡ ಶಿವಾನುಭಾವದಲ್ಲಿ ತೊಡಗಿದನು. ಕಾಯಕದ ಹಿರಿಮೆಯೇ ಆಗಿನ ವಿಷಯ. ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರುವ, ಇಂದು ಕನ್ನಡಿಗರೆಲ್ಲರ ನಾಲಗೆಯ ಮೇಲಿರುವ ಆ ಸೂತ್ರವು ಮಾರಯ್ಯನ ವಚನದಲ್ಲಿಯೇ ಬಂದಿರುವುದು. ಆದರೆ ವಿಧಿಯ ವಿನೋದವನ್ನು ನೋಡಿರಿ: ಕಾಯಕದ ಮಹಿಮೆಯನ್ನು ವಿವರಿಸುವ ಭರದಲ್ಲಿ ಅವನಿಗೆ ತನ್ನ ಕಾಯಕವೇ ಮರೆತುಹೋಯಿತು. ಹೊತ್ತು ಏರಿತು, ಅಕ್ಕಿ ಮನೆಗೆ ಬರಲಿಲ್ಲ, ಜಂಗಮದಾಸೋಹದ ಸಮಯವು ಸಮೀಪಿಸಿತು. ಆಗ ಲಕ್ಕಮ್ಮನು ಪತಿಗೆ ಅವನ ಕಾಯಕವು ನಿಂತಿರುವುದನ್ನು ನೆನಪಿಸಿ, ಬೇಗನೆ ಹೊರಡಬೇಕೆಂದು ಎಚ್ಚರಿಸಿದಳು. ಶೂನ್ಯಸಿಂಹಾಸನಾಧೀಶ್ವರರಾದ ಪ್ರಭುದೇವರ ಸನ್ನಿಧಿಯ ಗೋಷ್ಠಿಯೂ ಅವಳ ಎಚ್ಚರಿಕೆಗೆ ಅಡ್ಡಿಯಾಗಲಿಲ್ಲ. ತತ್ತ್ವವನ್ನು ನುಡಿಯುವುದು ಬೇರೆ, ಅದನ್ನು ನಡೆಯುವುದು ಬೇರೆ ಎಂಬ ಭೇದವನ್ನು ಅಡುಗೆಯ ಹೊತ್ತು ಮೀರುತ್ತಿರುವುದನ್ನು ಕಂಡ ಗೃಹಿಣಿಯು ಗುರುತಿಸಿದಳು. ಮಾರಯ್ಯನು ಸಿಟ್ಟಾಗಲಿಲ್ಲ, ನಾಚಲಿಲ್ಲ. ಎದ್ದು ಕಾಯಕಕ್ಕೆ ನಡೆದನು.

ಎರಡನೆಯ ಪ್ರಸಂಗವು ಮತ್ತೂ ಗಹನವಾದುದು. ಅವಸರದಿಂದ ಹೋದ ಮಾರಯ್ಯನು ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಈ ಬಡ ದಂಪತಿಗಳಿಗೆ ನೆರವಾಗಲೆಂದೋ ಅವರ ನಿಷ್ಠೆಯನ್ನು ಪರೀಕ್ಷಿಸಲೆಂದೋ ಬಸವಣ್ಣನವರೇ ಹೆಚ್ಚಾಗಿ ಅಕ್ಕಿ ಚೆಲ್ಲಿಸಿದ್ದರೆಂದು ಭಕ್ತರು ಹೇಳುವರು. ಲೋಕದ ಗೃಹಿಣಿಯಾದರೆ ಏನು ಮಾಡುತ್ತಿದ್ದಳು? ನಾಳಿನ ಚಿಂತೆ ತಪ್ಪಿತೆಂದು ಹಿಗ್ಗಿ ಮಡಕೆಯಲ್ಲಿ ತುಂಬಿಡುತ್ತಿದ್ದಳು. ಲಕ್ಕಮ್ಮನು ಗಂಟನ್ನು ನೋಡಿದೊಡನೆಯೇ ಇದು ತಮ್ಮ ಎಂದಿನ ಪ್ರಮಾಣವಲ್ಲವೆಂದು ಅರಿತಳು. ದಿನದಿನವೂ ಅಕ್ಕಿಯನ್ನು ಅಳೆದ ಕೈಗೆ ಆ ಭೇದವು ತಿಳಿಯದಿರುವುದೆ? ಇದು ಪತಿಯ ಮನದಲ್ಲಿ ಹುಟ್ಟಿದ ಆಸೆಯ ಫಲವೋ, ಬಸವಣ್ಣನವರ ಅನುಮಾನದ ಚಿತ್ತದಿಂದ ಬಂದದ್ದೋ ಎಂದು ನಿಷ್ಠುರವಾಗಿ ವಿಚಾರಿಸಿದಳು. ಆಸೆಯು ಅರಸರಿಗೆ ಒಪ್ಪಬಹುದು, ಭಕ್ತರಿಗೆ ಒಪ್ಪದೆಂದು ತಿಳಿಯಹೇಳಿ, ಹೆಚ್ಚಿನ ಅಕ್ಕಿಯನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಸಂದರ್ಭದ ವಚನದಲ್ಲಿ ಒಂದು ಶಬ್ದಸ್ವಾರಸ್ಯವಿದೆ. ಹಳಗನ್ನಡದಲ್ಲಿ ಮನವೆಂಬ ಮಾತು ಚಿತ್ತಕ್ಕೂ ಸಲ್ಲುವುದು. ಮಾನವೆಂಬ ಧಾನ್ಯದ ಅಳತೆಯೂ ಸಮಾಸದಲ್ಲಿ ಅದೇ ರೂಪವನ್ನು ತಾಳುವುದು. ಒಂದು ಅಳತೆಯ ಅಕ್ಕಿಯು ಎರಡಳತೆಯಾದಾಗ ಒಂದಾಗಿದ್ದ ಮನಸ್ಸೂ ಎರಡಾಯಿತೆಂಬ ಧ್ವನಿಯನ್ನು ಲಕ್ಕಮ್ಮನು ಅದರಿಂದ ಹೊರಡಿಸಿದಳು. ವ್ಯಾಕರಣಾಲಂಕಾರಗಳನ್ನು ಓದಿದ ಪಂಡಿತರು ಶ್ಲೇಷೆಗಾಗಿ ಕೋಶಗಳನ್ನು ತಡಕುವರು. ಈ ತಾಯಿಗೆ ಅದು ಅಕ್ಕಿಯ ಮಡಕೆಯ ಬಳಿಯಲ್ಲಿಯೇ ದೊರೆಯಿತು. ಅಕ್ಕಿಯ ಅಳತೆಯೇ ಅವಳಿಗೆ ಅಂತಃಕರಣದ ಅಳತೆಯಾಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅವಳ ಪ್ರಶ್ನೆಯು ಪತಿಯೊಬ್ಬನನ್ನೇ ಮುಟ್ಟಲಿಲ್ಲ, ಬಸವಣ್ಣನವರನ್ನೂ ಮುಟ್ಟಿತು. ಕೊಡುವವನು ಎಷ್ಟೇ ದೊಡ್ಡವನಾಗಿರಲಿ, ಬಡವನೆಂದು ಮರುಗಿ ಅವನು ಚೆಲ್ಲಿದ್ದನ್ನು ಬಾಚಿಕೊಂಡರೆ ಕಾಯಕವು ಹೋಗಿ ಭಿಕ್ಷೆಯಾಗುವುದು. ಕಾಯಕದಿಂದ ಬಂದ ಒಂದು ಹಿಡಿಯಲ್ಲಿ ದಾಸೋಹದ ಅಧಿಕಾರವಿದೆ. ಕರುಣೆಯಿಂದ ಬಂದ ಒಂದು ಮೂಟೆಯಲ್ಲಿ ಅದಿಲ್ಲ. ಮನಸ್ಸು ಶುದ್ಧವಿಲ್ಲದವನಿಗೆ ಹಣದ ಬಡತನವೇ ಹೊರತು, ಚಿತ್ತಶುದ್ಧಿಯಿಂದ ಕಾಯಕಗೈಯುವ ಭಕ್ತನಿಗೆ ಎಲ್ಲಿಯೂ ಬಡತನವಿಲ್ಲವೆಂಬುದು ಅವಳ ಬಾಳಿನ ಸಿದ್ಧಾಂತ. ಬಡತನವನ್ನು ಅವಳು ಹೊಗಳಲಿಲ್ಲ, ಬಡವರೆನಿಸಿಕೊಳ್ಳಲು ಒಪ್ಪಲಿಲ್ಲ. ಸ್ತ್ರೀಧನವಿಲ್ಲದ ಸ್ತ್ರೀಯ ಸ್ವಾತಂತ್ರ್ಯವು ಇದಲ್ಲದೆ ಮತ್ತಾವುದು?

ಆಮೇಲೆ ನಡೆದ ಸಂಗತಿಯು ಪವಾಡವಾಗಿ ಜನಜನಿತವಾಗಿದೆ. ಬಸವಣ್ಣನವರನ್ನೂ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನೂ ಲಕ್ಕಮ್ಮನು ತನ್ನ ಮನೆಗೆ ಬಿನ್ನಹ ಮಾಡಿಸಿದಳು. ತಮ್ಮ ಪಾಲಿನ ಅಲ್ಪವಾದ ಅಕ್ಕಿಯಿಂದಲೇ ಅಡುಗೆ ಮಾಡಿ ಅಷ್ಟು ಮಂದಿಯನ್ನೂ ತೃಪ್ತಿಪಡಿಸಿದಳು. ಶ್ರದ್ಧಾಳುಗಳು ಇದನ್ನು ಅಕ್ಷರಶಃ ನಂಬಲಿ, ವಿಚಾರಪರರು ಇದರ ತಾತ್ಪರ್ಯವನ್ನು ಗ್ರಹಿಸಲಿ, ಫಲವು ಒಂದೇ. ಹೆಚ್ಚಾಗಿ ಬಂದುದನ್ನು ಹಿಂದಿರುಗಿಸಿದ ಮನೆಯಲ್ಲಿಯೇ ಊರೆಲ್ಲಕ್ಕೂ ಊಟವಾಯಿತೆಂಬುದರಲ್ಲಿ ಕಥೆಯ ಜೀವವಿದೆ. ಬಚ್ಚಿಟ್ಟ ಕಣಜದಲ್ಲಿ ಅಕ್ಕಿಯಿದ್ದರೂ ಅನ್ನವಿರದು. ಅಳತೆಯರಿತ ಮನೆಯಲ್ಲಿ ಅಕ್ಕಿಯು ಸ್ವಲ್ಪವಾದರೂ ಅನ್ನವು ಸವೆಯದು.

ಕಾಯಕದಲ್ಲಿ ಪತಿಯನ್ನು ತಿದ್ದಿದ ಲಕ್ಕಮ್ಮನು ಜ್ಞಾನದಲ್ಲಿಯೂ ಅವನಿಗೆ ದಾರಿ ತೋರಿದಳು. ಗೂಳೂರು ಸಿದ್ಧವೀರಣಾರ್ಯರ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗಾಗಿಯೇ ಒಂದು ಸಂಪಾದನೆಯು ಮೀಸಲಾಗಿದೆ. ಅಲ್ಲಿ ಮಾರಯ್ಯನು ಲಿಂಗೈಕ್ಯದ ನಿಲವನ್ನು ಕುರಿತು ಜಿಜ್ಞಾಸುವಾಗಿ ನಿಂತಾಗ ಉಪದೇಶಿಸುವವಳು ಅವನ ಸತಿ. ದಾಂಪತ್ಯದ ವ್ಯವಹಾರದಲ್ಲಿ ಸತಿ ಪತಿ ಎಂಬ ಹೆಸರುಗಳುಂಟು. ಅರಿವಿಗಾದರೋ ಗಂಡೆಂದೂ ಹೆಣ್ಣೆಂದೂ ಬೇರೆ ಬೇರೆ ಒಡಲಿಲ್ಲ ಎಂಬ ಅವಳ ನಿಲವು ವೀರಶೈವದರ್ಶನಕ್ಕೆ ಕಲಶಪ್ರಾಯವಾದುದು. ಇಷ್ಟಲಿಂಗವನ್ನು ಧರಿಸಿದ ಮೇಲೆ ಸ್ತ್ರೀಗೂ ಶಿವನಿಗೂ ನಡುವೆ ಮತ್ತೊಬ್ಬರು ನಿಲ್ಲಲಾರರು. ದೀಕ್ಷೆಯು ಪುರುಷನಿಗೆಂತೋ ಸ್ತ್ರೀಗೂ ಅಂತೆಯೇ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಾಂಗಿಗಿಲ್ಲವೆಂದು ಶರಣರು ನಿರ್ಣಯಿಸಿದರು. ವಿವಾಹವೇ ಉಪನಯನ, ಪತಿಯೇ ಗುರು ಎಂಬ ಸ್ಮೃತಿವಾಕ್ಯವು ಪ್ರಮಾಣವಾಗಿದ್ದ ಪಟ್ಟಣದಲ್ಲಿಯೇ ಪತಿಗೆ ಸತಿಯು ಗುರುವಾದಳು. ಸತಿಪತಿಗಳು ಒಂದಾದ ಭಕ್ತಿಯು ಅವಳನ್ನು ಕುಗ್ಗಿಸಲಿಲ್ಲ. ಇಬ್ಬರನ್ನೂ ಒಂದೇ ನೆಲೆಗೆ ಏರಿಸಿತು.

ಲಕ್ಕಮ್ಮನು ಒಬ್ಬಳೇ ಅಲ್ಲ. ವಚನಗಳನ್ನು ರಚಿಸಿದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ. ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ, ನೇಯ್ಗೆಯ ಮನೆಯ ಅಮುಗೆ ರಾಯಮ್ಮ, ಹೀಗೆ ಮಧ್ಯಯುಗದ ಸ್ತ್ರೀಯರ ದಿನಚರಿಯೇ ಇವರ ಹೆಸರುಗಳಲ್ಲಿ ಅಚ್ಚೊತ್ತಿದೆ. ಶಾಸನಗಳಲ್ಲಿ ರಾಣಿಯರ ದಾನಗಳಿವೆ. ಒನಕೆ ಹಿಡಿದವಳ, ಕದಿರು ತಿರುಗಿಸಿದವಳ, ಪೊರಕೆ ಹಿಡಿದವಳ ಧ್ವನಿಯು ಉಳಿದಿರುವುದು ವಚನಗಳಲ್ಲಿ. ಅವರಲ್ಲಿ ಲಕ್ಕಮ್ಮನ 25 ವಚನಗಳು ನಮಗೆ ದೊರೆತಿವೆ. 1167-68ರ ವೇಳೆಗೆ ಬಿಜ್ಜಳನ ಅಂತ್ಯದೊಡನೆ ಕಲ್ಯಾಣವು ಕಲಕಿಹೋಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಆ ಕೋಲಾಹಲದಲ್ಲಿ ಎಷ್ಟೋ ಅಳಿದರೂ ಈ ಬಡ ಗೃಹಿಣಿಯ ಮಾತುಗಳನ್ನು ಭಕ್ತರು ಓಲೆಗಳಲ್ಲಿ ಕಾಪಾಡಿಕೊಂಡು ಬಂದರು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಮಹಾದೇವಿಯಕ್ಕನು ಅರಮನೆಯನ್ನೇ ತೊರೆದು ಶ್ರೀಶೈಲದ ಕದಳಿಗೆ ನಡೆದಳು; ಲಕ್ಕಮ್ಮನಾದರೋ ಅಡುಗೆಮನೆಯಲ್ಲಿಯೇ ಉಳಿದಳು. ಹಾಗಾದರೆ ಅವಳ ಚರಿತ್ರೆಯು ಸ್ತ್ರೀಯರನ್ನು ಮತ್ತೆ ಒಲೆಗೇ ಕಟ್ಟಿಹಾಕುವುದಿಲ್ಲವೆ? ಸ್ಥೂಲದೃಷ್ಟಿಗೆ ಹಾಗೆ ತೋರುವುದು ನಿಜ. ಆದರೆ ಅಕ್ಕನ ಮಾರ್ಗವು ವಿರಕ್ತರದು, ಲಕ್ಕಮ್ಮನದು ಸಂಸಾರಿಗಳದು. ಒಲೆಯ ಬಳಿ ಇರುವುದರಿಂದ ಸ್ತ್ರೀಯು ಸಣ್ಣವಳಾಗಲಾರಳು. ಒಲೆಗೆ ಬರುವ ಅಕ್ಕಿಯನ್ನು ಕುರಿತು ಮಾತನಾಡುವ ಅಧಿಕಾರವಿಲ್ಲದಿದ್ದರೆ ಸಣ್ಣವಳಾಗುವಳು. ಲಕ್ಕಮ್ಮನು ತನಗೆ ಆ ಅಧಿಕಾರವುಂಟೆಂದು ಯಾರನ್ನೂ ಬೇಡಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ. ಮಾರಯ್ಯನ ಹಿರಿಮೆಯೂ ಇಲ್ಲಿಯೇ ಇದೆ. ಹೆಂಡತಿಯ ಮಾತನ್ನು ಕೇಳಿ, ಆಯ್ದ ಅಕ್ಕಿಯನ್ನು ಎಲ್ಲರೆದುರಿಗೆ ಮರಳಿ ಸುರಿಯುವುದಕ್ಕೆ ಸಾಮಾನ್ಯವಾದ ಧೈರ್ಯವು ಸಾಲದು.

ಭಕ್ತಬಾಂಧವರೇ, ಈಗ ನಮ್ಮ ನಮ್ಮ ಮನೆಗಳನ್ನು ಒಮ್ಮೆ ನೋಡಿಕೊಳ್ಳೋಣ. ಜಾತ್ರೆಯಲ್ಲಿ, ಗೃಹಪ್ರವೇಶದಲ್ಲಿ, ಅಯ್ಯಾಚಾರದಲ್ಲಿ ಸಾವಿರಾರು ಜನರಿಗೆ ಪ್ರಸಾದವನ್ನು ಏರ್ಪಡಿಸುತ್ತೇವೆ. ದಾಸೋಹವೆಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸುತ್ತೇವೆ. ಆ ಅಕ್ಕಿಯು ಎಲ್ಲಿಂದ ಬಂದಿತೆಂದು ಕೇಳುವ ಲಕ್ಕಮ್ಮನೊಬ್ಬಳು ನಮ್ಮ ಮನೆಯಲ್ಲಿರುವಳೆ? ಇದ್ದರೆ ಅವಳ ಮಾತಿಗೆ ಕಿವಿಗೊಡುವ ಮಾರಯ್ಯನಿರುವನೆ? ತೂಕದಲ್ಲಿ ಕಡಮೆ ಮಾಡಿ, ಆಳಿನ ಕೂಲಿಯನ್ನು ತಡೆದಿಟ್ಟು, ಸಾಲ ತಂದು ನಡೆಸಿದ ಅನ್ನಸಂತರ್ಪಣೆಯು ಊರಿನಲ್ಲಿ ಹೆಸರನ್ನು ತರಬಹುದು, ದಾಸೋಹವೆನಿಸಲಾರದು. ಹಣದ ವಿಚಾರವು ಹೆಂಗಸರಿಗೇಕೆಂದು ಗದರಿಸುವ ನಾವು ಶರಣೆಯ ಚಿತ್ರಪಟಕ್ಕೆ ಹೂವೇರಿಸಿದರೆ ಬಂದ ಫಲವೇನು? ಲಿಂಗವನ್ನು ಧರಿಸಿದ ವಿಧವೆಯನ್ನು ಮಂಗಳಕಾರ್ಯದಲ್ಲಿ ಹಿಂದಕ್ಕೆ ಸರಿಸುವಾಗ, ಸೂತಕವೆಂದು ಮನೆಮಗಳನ್ನು ಲಿಂಗಪೂಜೆಯಿಂದ ತಡೆಯುವಾಗ, ಶರಣರು ಎಂದೋ ಕಳೆದ ಸಂಕೋಲೆಯನ್ನು ನಮ್ಮ ಕೈಯಾರೆ ಮರಳಿ ಹೂಡುತ್ತಿರುವೆವೆಂದು ಅರಿಯಬೇಕು. ಹೆಣ್ಣುಮಗಳಿಗೆ ರಾಜಶಾಸನವು ಕೊಟ್ಟ ಪಾಲನ್ನು ಬಿಡಿಸಿಕೊಳ್ಳಲು ಹಕ್ಕುಬಿಡುಗಡೆಯ ಪತ್ರಕ್ಕೆ ಅವಳ ರುಜುವನ್ನು ಒತ್ತಾಯದಿಂದ ಪಡೆಯುವ ಮನೆಯವರೂ ಈ ತಾಯಿಯ ಮುಂದೆ ತಲೆತಗ್ಗಿಸಬೇಕಾದವರೇ.

ಲಕ್ಕಮ್ಮ-ಮಾರಯ್ಯರು ಒಂದೇ ಕಾಯಕ, ಒಂದೇ ಭಕ್ತಿ, ಒಂದೇ ಮನಸ್ಸುಳ್ಳವರಾಗಿ ಬಾಳಿ ಲಿಂಗದಲ್ಲಿ ಬೆರೆದರೆಂದು ಭಕ್ತಲೋಕವು ನಂಬಿದೆ. ಅವರು ಆಸ್ತಿಯನ್ನು ಬಿಟ್ಟು ಹೋಗಲಿಲ್ಲ, ಮಠವನ್ನು ಕಟ್ಟಲಿಲ್ಲ. ದಿನದ ಅಕ್ಕಿ ದಿನಕ್ಕೆ ತೀರಿದ ಒಂದು ಮಡಕೆಯೂ ಅದರ ಮುಂದೆ ಎಚ್ಚರದಿಂದ ಕುಳಿತ ಒಬ್ಬ ಗೃಹಿಣಿಯೂ ಎಂಟು ಶತಮಾನಗಳ ಬಳಿಕವೂ ನಮ್ಮನ್ನು ಪ್ರಶ್ನಿಸುತ್ತಿರುವರು. ನಿತ್ಯವೂ ಅಕ್ಕಿಯನ್ನು ಅಳೆಯುವ ನಮ್ಮ ತಾಯಂದಿರಲ್ಲಿ ಲಕ್ಕಮ್ಮನ ನಿಷ್ಠುರತೆಯೂ, ಅದನ್ನು ತರುವ ಗೃಹಸ್ಥರಲ್ಲಿ ಮಾರಯ್ಯನ ವಿಧೇಯತೆಯೂ ನೆಲೆಗೊಳ್ಳಲಿ. ಆಗ ನಮ್ಮ ಮನೆಗಳೇ ಮಹಾಮನೆಗಳಾಗುವವು.